ಕೊನೆಯಲ್ಲಿ ಉಣ್ಣುವವಳ ತಟ್ಟೆ

ಒಂದು ಮನೆಯಲ್ಲಿ ಊಟಕ್ಕೆ ಎಷ್ಟು ತತ್ವಾರವಿದೆ ಎಂದು ತಿಳಿಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಂಟು ಪ್ರಶ್ನೆಗಳನ್ನು ಇಟ್ಟುಕೊಂಡಿದೆ. ದಿನವಿಡೀ ಉಪವಾಸ ಇದ್ದದ್ದುಂಟೇ ಎನ್ನುವುದು ಅವುಗಳಲ್ಲಿ ಎಂಟನೆಯದು, ಕಟ್ಟಕಡೆಯದು. ದುಡ್ಡಿಲ್ಲದೆ ಊಟಕ್ಕೇನು ಮಾಡುವುದು ಎಂಬ ಚಿಂತೆ ಬಂದಿತ್ತೇ ಎನ್ನುವುದು ಮೊದಲನೆಯದು. ನಡುವೆ ಮೆಟ್ಟಿಲುಗಳ ಹಾಗೆ ಉಳಿದವು ಬರುತ್ತವೆ: ಮೈಗೆ ಹಿಡಿಯುವಂಥ ಊಟ ಸಿಗಲಿಲ್ಲವೇ, ಒಂದೆರಡು ಪದಾರ್ಥದಲ್ಲೇ ದಿನ ತಳ್ಳಿದಿರಾ, ಒಂದು ಹೊತ್ತು ಬಿಟ್ಟಿರಾ, ಬೇಕಾದ್ದಕ್ಕಿಂತ ಕಡಿಮೆ ಉಂಡಿರಾ, ಮನೆಯಲ್ಲಿ ಎಲ್ಲ ಮುಗಿದುಹೋಗಿತ್ತೇ, ಹಸಿವಾದರೂ ಸುಮ್ಮನಿದ್ದಿರಾ. ನಮ್ಮ ಸಾರ್ವಜನಿಕ ಚರ್ಚೆ ಎಂಟನೆಯ ಪ್ರಶ್ನೆಯಿಂದಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ಯಾರೂ ಉಪವಾಸ ಮಲಗುತ್ತಿಲ್ಲ ಎಂದಾದರೆ ಹಸಿವಿನ ಮಾತು ಮುಗಿಯಿತು ಎಂದುಕೊಳ್ಳುತ್ತೇವೆ. 2013ರ ಜುಲೈಯಲ್ಲಿ ಶುರುವಾದ ರಾಜ್ಯದ ಅಕ್ಕಿ ಯೋಜನೆ ಅನ್ನಭಾಗ್ಯ ಲಕ್ಷಾಂತರ ಮನೆಗಳನ್ನು ಆ ಕೊನೆಯ ಮೆಟ್ಟಿಲಿನಿಂದ ಮೇಲಕ್ಕೆತ್ತಿದೆ, ಅದನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಆದರೆ ಕೂಲಿ ನಂಬಿದ ಸಂಸಾರಗಳು ಬದುಕುವುದು ಮೊದಲ ನಾಲ್ಕೈದು ಮೆಟ್ಟಿಲುಗಳ ಮೇಲೆ. ಅಲ್ಲಿನ ಕೊರತೆ ಮನೆಯವರೆಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಅದು ಮೊದಲು ತಾಯಿಯ ತಟ್ಟೆಗೆ ಕೈಹಾಕುತ್ತದೆ, ಅಲ್ಲಿಂದ ಮಗುವಿನ ಮೈಗಿಳಿಯುತ್ತದೆ. ಮೂಟೆ ಎಣಿಸುವ ಲೆಕ್ಕದಲ್ಲಿ ಈ ದಾರಿ ಕಾಣಿಸುವುದೇ ಇಲ್ಲ ಎಂಬುದು ನನ್ನ ವಾದ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಿಂದ 2021ರ ನಡುವೆ. ಅದರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 36.2 ಇತ್ತು. ಎರಡು ಸಮೀಕ್ಷೆಗಳ ನಡುವಿನ ಅಷ್ಟೂ ವರ್ಷ ಅಕ್ಕಿ ಹಂಚಿದ ಮೇಲೆ ಒಂದು ಅಂಶದಷ್ಟೂ ಇಳಿದಿಲ್ಲ. ಯಾದಗಿರಿ ಜಿಲ್ಲೆಯಲ್ಲಂತೂ ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳದ್ದು ಇದೇ ಕಥೆ. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣ ಶೇ 26.1ರಿಂದ 19.5ಕ್ಕೆ ಇಳಿದಿದೆ, ಅದು ಸಮಾಧಾನದ ಸಂಗತಿಯೇ. ರಕ್ತಹೀನತೆ ಮಾತ್ರ ಏರಿದೆ: ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 60.9 ಇದ್ದದ್ದು 65.5 ಆಯಿತು, ಹೆಂಗಸರಲ್ಲಿ ಶೇ 44.8 ಇದ್ದದ್ದು 47.8 ಆಯಿತು. ಬೆರಳ ತುದಿಯ ರಕ್ತದಿಂದ ಅಳೆಯುವ ಕ್ರಮದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ನಾಲ್ಕಾರು ಅಂಶ ಆಚೀಚೆ ಮಾಡಿ ನೋಡಿದರೂ ಚಿತ್ರ ಬದಲಾಗುವುದಿಲ್ಲ. ಹೊಟ್ಟೆ ತುಂಬಿದ ಮನೆಗಳಲ್ಲೇ ಮಕ್ಕಳು ಕುಳ್ಳಾಗಿ, ಬಿಳಿಚಿಕೊಂಡು ಬೆಳೆಯುತ್ತಿದ್ದಾರೆ. ಹಾಗಿದ್ದರೆ ಹೊಟ್ಟೆಗೆ ಹೋಗುತ್ತಿರುವುದು ಏನು ಎಂದು ನೋಡಬೇಕು.

ತಲೆಗೆ ತಿಂಗಳಿಗೆ ಐದು ಕಿಲೋ ಎಂದರೆ ದಿನಕ್ಕೆ ಸುಮಾರು 167 ಗ್ರಾಂ ಅಕ್ಕಿ, ಹತ್ತು ಕಿಲೋ ಎಂದರೆ 333 ಗ್ರಾಂ. ಹತ್ತು ಕಿಲೋ ಬಂದ ಮನೆಯಲ್ಲಿ ಅನ್ನಕ್ಕೆ ತೊಂದರೆಯಿಲ್ಲ. ಅನ್ನದ ಪಕ್ಕದಲ್ಲಿ ಇರಬೇಕಾದದ್ದರ ಲೆಕ್ಕ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರೊಬ್ಬರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು ಬೇಕು ಎನ್ನುತ್ತದೆ. ತಿಂಗಳಿಗೆ ಎರಡೂವರೆ ಕಿಲೋ ಆಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಯಲ್ಲಿ ಮಕ್ಕಳಿಗೆ ಕಡಿಮೆ ಹಿಡಿದರೂ ಏಳೆಂಟು ಕಿಲೋ. ತೊಗರಿಬೇಳೆಗೆ ಕಿಲೋಗೆ ನೂರಿಪ್ಪತ್ತು ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ಒಂಬತ್ತು ನೂರು ರೂಪಾಯಿ ಬೇಳೆಗೇ ಹೋಯಿತು. ಎಣ್ಣೆ, ತರಕಾರಿ, ಹಾಲು, ಮೊಟ್ಟೆಯ ಲೆಕ್ಕ ಇನ್ನೂ ಶುರುವಾಗಿಲ್ಲ. ಕೂಲಿ ಸಿಕ್ಕ ವಾರ ಇದು ಸಾಧ್ಯ, ಮಳೆ ಹಿಡಿದು ಕೂಲಿ ತಪ್ಪಿದ ವಾರ ಸಾಧ್ಯವಿಲ್ಲ. ಆಗ ಅಡುಗೆಮನೆಯಲ್ಲಿ ನಡೆಯುವುದು ಹೀಗೆ: ಬೇಳೆಯ ಹಿಡಿ ಚಿಕ್ಕದಾಗುತ್ತದೆ, ನೀರು ಹೆಚ್ಚಾಗುತ್ತದೆ, ಖಾರ ಮುಂದಾಗುತ್ತದೆ. ನಾಲ್ಕು ದಿನ ಕಳೆದರೆ ಬೇಳೆಯೇ ಇಲ್ಲದ ಹುಣಸೆಹಣ್ಣಿನ ಸಾರು. ಎಣ್ಣೆ ಲೀಟರಿನಿಂದ ಸಣ್ಣ ಪಾಕೀಟಿಗೆ ಇಳಿಯುತ್ತದೆ. ಸಂತೆಯಲ್ಲಿ ಹೊತ್ತು ಮುಳುಗಿದ ಮೇಲೆ ಕೊಂಡ ಬಾಡಿದ ಸೊಪ್ಪು ಎರಡು ದಿನಕ್ಕೆ ಹಿಗ್ಗುತ್ತದೆ. ಅನ್ನದ ಪಾತ್ರೆ ಮಾತ್ರ ಮೊದಲಿನಷ್ಟೇ ತುಂಬಿರುತ್ತದೆ. ತೊಗರಿಯ ಕಣಜ ಎನಿಸಿಕೊಂಡ ಕಲಬುರಗಿಯ ಸುತ್ತಮುತ್ತಲೂ ಬೇಳೆ ಬೆಳೆಯುವ ಕೈಗಳಿಗೂ ಬೇಳೆ ಉಣ್ಣುವ ತಟ್ಟೆಗೂ ನಡುವೆ ಇರುವ ದೂರ ಇಷ್ಟೇ. ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ಕೈಗೊಂಡ ತೀರ್ಮಾನವನ್ನು ನಾನು ಸ್ವಾಗತಿಸುವುದು ಈ ಕಾರಣಕ್ಕೆ.

ಈಗ ತಟ್ಟೆಗಳ ಕಡೆ ಬರೋಣ. ನಮ್ಮ ಹೆಚ್ಚಿನ ಮನೆಗಳಲ್ಲಿ ದುಡಿದು ಬಂದ ಗಂಡಸರಿಗೆ, ಅತ್ತೆ ಮಾವಂದಿರಿಗೆ, ಮಕ್ಕಳಿಗೆ ಬಡಿಸಿ ಆದ ಮೇಲೆ ಅಡುಗೆ ಮಾಡಿದವಳು ಉಣ್ಣುತ್ತಾಳೆ. ಪಾತ್ರೆಯಲ್ಲಿ ಧಾರಾಳವಾಗಿ ಇರುವವರೆಗೆ ಇದು ಬರೀ ಸರದಿ. ಕಡಿಮೆಯಾದ ದಿನ ಅದೇ ಸರದಿ ಪಾಲು ನಿರ್ಧರಿಸುತ್ತದೆ: ಅನ್ನ ಉಳಿದಿರುತ್ತದೆ, ಪಲ್ಯ ಮುಗಿದಿರುತ್ತದೆ, ಸಾರಿನ ತಳದಲ್ಲಿ ಒಗ್ಗರಣೆಯ ಸಾಸಿವೆ ಇರುತ್ತದೆ. ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಅವಳ ಊಟ ಮುಗಿಯುತ್ತದೆ. ಹೊಸದಾಗಿ ಬಂದ ಸೊಸೆಯಾದರೆ ಇನ್ನೂ ಒಂದು ಸರದಿ ಹಿಂದೆ. ಅವಳೇ ಮುಂದಿನ ವರ್ಷದ ಬಸುರಿ. ಜನಸಂಖ್ಯಾಶಾಸ್ತ್ರಜ್ಞೆ ಡಯಾನ್ ಕಾಫಿ 2015ರಲ್ಲಿ ಪ್ರಕಟಿಸಿದ ಲೆಕ್ಕ ಬೆಚ್ಚಿಬೀಳಿಸುವಂಥದು: ಗರ್ಭ ಧರಿಸುವ ಹೊತ್ತಿಗೆ ಭಾರತದ ಹೆಂಗಸರಲ್ಲಿ ಶೇ 42.2ರಷ್ಟು ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಸಹಾರಾದ ದಕ್ಷಿಣದ ಆಫ್ರಿಕಾ ದೇಶಗಳಲ್ಲಿ ಈ ಪ್ರಮಾಣ ಶೇ 16.5. ಬಸುರಿನಲ್ಲಿ ನಮ್ಮ ಹೆಂಗಸರು ಗಳಿಸುವ ತೂಕವೂ ಸರಾಸರಿ ಏಳೇ ಕಿಲೋ. ಮಗುವಿನ ಬೆಳವಣಿಗೆಗೆ ನಿರ್ಣಾಯಕ ಎನ್ನುವ ಸಾವಿರ ದಿನಗಳಲ್ಲಿ ಮೊದಲ 270 ದಿನ ಅದು ತಾಯಿಯ ಹೊಟ್ಟೆಯಲ್ಲಿರುತ್ತದೆ, ಆಮೇಲಿನ ಆರು ತಿಂಗಳು ಅವಳ ಎದೆಹಾಲನ್ನು ನಂಬಿರುತ್ತದೆ. ಸಾವಿರದಲ್ಲಿ ನಾನೂರೈವತ್ತು ದಿನ ಮಗುವಿಗೆ ಬೇರೆ ತಟ್ಟೆಯೇ ಇಲ್ಲ. ಮಗುವಿಗೆ ಕೊಡಿ, ತಾಯಿಯ ವಿಷಯ ಆಮೇಲೆ ನೋಡೋಣ ಎನ್ನುವ ಯೋಜನೆ ಈ ನಾನೂರೈವತ್ತು ದಿನ ಯಾರಿಗೆ ಕೊಡುತ್ತಿದೆ?

ಆರು ತಿಂಗಳಾದ ಮೇಲೆ ಮಗುವಿಗೆ ಮೆತ್ತಗಿನ ಊಟ ಶುರುವಾಗಬೇಕು, ದಿನಕ್ಕೆ ಮೂರ್ನಾಲ್ಕು ಸಲ, ಸ್ವಲ್ಪ ಸ್ವಲ್ಪವಾಗಿ, ಬೇಳೆ, ತರಕಾರಿ, ಒಂದಿಷ್ಟು ತುಪ್ಪವೋ ಎಣ್ಣೆಯೋ ಸೇರಿಸಿ. ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ಇಡೀ ದೇಶದಲ್ಲಿ ಶೇ 11.3ರಷ್ಟು ಮಕ್ಕಳಿಗೆ ಮಾತ್ರ ಎಂದು ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದು ಬಡತನದ ಗೆರೆಯನ್ನೂ ದಾಟಿ ಹೋಗುವ ಅಂಕಿ, ಹಾಗಾಗಿ ತಿಳಿವಳಿಕೆಯ ಕೊರತೆಯೂ ಇದೆ ಎಂದು ಒಪ್ಪಬೇಕು. ಆದರೆ ಕೂಲಿಯ ಮನೆಯಲ್ಲಿ ತಿಳಿವಳಿಕೆ ಇದ್ದರೂ ಕೈ ಬೇಕು, ಹೊತ್ತು ಬೇಕು. ತಾಯಿ ಬೆಳಿಗ್ಗೆ ಎಂಟಕ್ಕೆ ಹೊಲಕ್ಕೋ ಕಟ್ಟಡಕ್ಕೋ ಹೋದರೆ ಮಗು ಅಜ್ಜಿಯ ಬಳಿ ಇಲ್ಲವೇ ಎಂಟು ವರ್ಷದ ಅಕ್ಕನ ಕಂಕುಳಲ್ಲಿ. ಅಂಗನವಾಡಿಯಲ್ಲಿ ಮಕ್ಕಳ ತೋಳಿಗೆ ಸುತ್ತಿ ನೋಡುವ ಒಂದು ಪಟ್ಟಿ ಇದೆ. ಹಸಿರು, ಹಳದಿ, ಕೆಂಪು ಬಣ್ಣಗಳ ಸಣ್ಣ ಪಟ್ಟಿ. ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಗುರುತು ಕೆಂಪಿನಲ್ಲಿ ಬೀಳುತ್ತದೆ. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಬಳೆ ಮಾಡಿದರೆ ಹೆಚ್ಚುಕಡಿಮೆ ಅದೇ ಅಳತೆ. ಎರಡು ವರ್ಷದ, ನಾಲ್ಕು ವರ್ಷದ ಮಗುವಿನ ರಟ್ಟೆ ಆ ಬಳೆಯೊಳಗೆ ಸಲೀಸಾಗಿ ಹೋಗುತ್ತದೆ ಎಂದರೆ ಅದರ ಮೈಯಲ್ಲಿ ಜ್ವರವನ್ನೋ ಭೇದಿಯನ್ನೋ ತಡೆದುಕೊಳ್ಳುವ ಗಂಟು ಏನೂ ಉಳಿದಿಲ್ಲ ಎಂದರ್ಥ.

ಮೈಯ ಮಾತು ಹೀಗಾದರೆ ಮನಸ್ಸಿನದು ಇನ್ನೊಂದು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರದ್ದು. ಕಟಾವಿಗೆ ಮುಂಚೆ ಕೈಯಲ್ಲಿ ದುಡ್ಡಿಲ್ಲದಾಗಲೂ ಕಟಾವು ಮುಗಿದು ದುಡ್ಡು ಬಂದಾಗಲೂ ಅದೇ ರೈತರಿಗೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಒಡ್ಡಿದರು. ದುಡ್ಡಿಲ್ಲದ ದಿನಗಳಲ್ಲಿ ಅವರು ಗಮನಾರ್ಹವಾಗಿ ಹಿಂದೆ ಬಿದ್ದರು. ಮನುಷ್ಯ ಅದೇ, ಬುದ್ಧಿಯೂ ಅದೇ, ತಲೆಯ ಅರ್ಧ ಭಾಗವನ್ನು ಚಿಂತೆ ಆಕ್ರಮಿಸಿಕೊಂಡಿರುತ್ತದೆ. ಅಂಗಡಿಯ ಉದ್ರಿ ಪಟ್ಟಿಯಲ್ಲಿ ಇನ್ನೆಷ್ಟು ಬರೆಸಬಹುದು, ಸಂಘದ ಕಂತು ಯಾವ ವಾರ, ಗ್ಯಾಸ್ ಇನ್ನೆಷ್ಟು ದಿನ ಬಂದೀತು ಎಂಬ ಲೆಕ್ಕದಲ್ಲಿ ಮುಳುಗಿದ ತಂದೆತಾಯಿ ಮಗುವಿನ ಮೇಲೆ ರೇಗುತ್ತಾರೆ, ಲಸಿಕೆಯ ದಿನ ಮರೆಯುತ್ತಾರೆ, ಶಾಲೆಯ ಸಭೆಗೆ ಹೋಗುವುದಿಲ್ಲ. ಇದನ್ನು ನಾವು ಅಸಡ್ಡೆ ಎಂದು ಕರೆದುಬಿಡುತ್ತೇವೆ. ಮಕ್ಕಳಿಗೆ ಇದೆಲ್ಲ ತಿಳಿಯದು ಎಂದುಕೊಳ್ಳುವುದೂ ತಪ್ಪು. ಅಮೆರಿಕದಲ್ಲಿ ಬಡ ಮನೆಗಳ ಮಕ್ಕಳನ್ನೇ ಮಾತಾಡಿಸಿ ನಡೆಸಿದ ಅಧ್ಯಯನಗಳು, ತಂದೆತಾಯಿ ಮುಚ್ಚಿಡುವ ಕೊರತೆ ಮಕ್ಕಳಿಗೆ ಗೊತ್ತಿರುತ್ತದೆ, ತಾವೂ ಕಡಿಮೆ ತಿಂದು ತಮ್ಮ-ತಂಗಿಯರಿಗೆ ಬಿಡುತ್ತಾರೆ ಎಂದು ತೋರಿಸಿವೆ. ನನಗೆ ಹಸಿವಿಲ್ಲ ಎಂದು ಸುಳ್ಳು ಹೇಳಲು ಕಲಿತ ಮಗು ನಮ್ಮ ಯಾವ ಸಮೀಕ್ಷೆಯ ಕೋಷ್ಟಕದಲ್ಲೂ ಸಿಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ಕೈಯಲ್ಲಿ ಮೊಬೈಲ್ ಇದೆ, ಗಂಡ ಸಾರಾಯಿಗೆ ಸುರಿಯುತ್ತಾನೆ, ಮಗುವಿನ ಕೈಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ ಇದೆ, ಬೇಳೆಗೆ ಮಾತ್ರ ದುಡ್ಡಿಲ್ಲವೇ ಎನ್ನುತ್ತಾರೆ. ಕುಡಿತದ ಮಾತು ನಿಜ, ಅನೇಕ ಮನೆಗಳ ಅನ್ನವನ್ನು ಅದು ಕಿತ್ತುಕೊಂಡಿದೆ. ಆದರೆ ಅದರ ಶಿಕ್ಷೆ ಕುಡಿಯದ ತಾಯಿಗೂ ಮಗುವಿಗೂ ಆಗಬೇಕು ಎನ್ನುವುದು ಯಾವ ನ್ಯಾಯ? ಮೊಬೈಲ್ ಇಲ್ಲದೆ ಇವತ್ತು ಮೇಸ್ತ್ರಿಯ ಕರೆ ಬರುವುದಿಲ್ಲ, ಬ್ಯಾಂಕಿನ ಒಟಿಪಿ ಬರುವುದಿಲ್ಲ. ಪೊಟ್ಟಣದ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐದು ರೂಪಾಯಿಗೆ ಬೇಳೆ ಬರುವುದಿಲ್ಲ, ಹಾಲು ಬಂದರೂ ಅರ್ಧ ಲೋಟ, ಅದನ್ನು ಕಾಯಿಸಬೇಕು, ಕಾಯಿಸಲು ಮನೆಯಲ್ಲಿ ಯಾರಾದರೂ ಇರಬೇಕು. ಪೊಟ್ಟಣಕ್ಕೆ ಒಲೆ ಬೇಡ, ಹೊತ್ತು ಬೇಡ, ಅಳುವ ಮಗು ಆ ಕ್ಷಣ ಸುಮ್ಮನಾಗುತ್ತದೆ. ದಿನದ ಕೂಲಿಯವಳ ಕೈಗೆ ದುಡ್ಡು ಚಿಲ್ಲರೆಯಾಗಿ ಬರುತ್ತದೆ, ಚಿಲ್ಲರೆಗೆ ಸಿಗುವಂತೆ ಮಾರುಕಟ್ಟೆ ಒದಗಿಸಿರುವ ತಿನಿಸು ಅದೊಂದೇ. ದುಡ್ಡು ಒಂದು ಗೊತ್ತಾದ ದಿನ ಒಟ್ಟಾಗಿ ಕೈಗೆ ಬಂದರೆ ಖರ್ಚಿನ ರೀತಿಯೇ ಬೇರೆಯಾಗುತ್ತದೆ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ತಿಂಗಳ ಬೇಳೆ, ಎಣ್ಣೆ, ಮೊಟ್ಟೆಗೆ ದೊಡ್ಡ ಆಸರೆಯಾಗಬಲ್ಲದು. ಕಂತುಗಳು ತಡವಾದಾಗ, ಎರಡು ತಿಂಗಳದ್ದು ಒಟ್ಟಿಗೆ ಬಂದಾಗ, ಆ ದುಡ್ಡು ಹಳೆಯ ಉದ್ರಿ ತೀರಿಸಲು ಹೋಗುತ್ತದೆ. ಎಷ್ಟು ಕೊಟ್ಟೆವು ಎನ್ನುವಷ್ಟೇ ಯಾವ ದಿನ ಕೊಟ್ಟೆವು ಎನ್ನುವುದೂ ತಟ್ಟೆಯಲ್ಲಿ ಕಾಣುತ್ತದೆ.

ಇನ್ನೊಂದು ಆಕ್ಷೇಪ ವಿದ್ವಾಂಸರದ್ದು. ಭಾರತೀಯ ಮಕ್ಕಳು ಹುಟ್ಟಿನಿಂದಲೇ ಕುಳ್ಳು, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು ನಮಗೆ ಹೊಂದುವುದಿಲ್ಲ ಎಂದು ಅರವಿಂದ ಪನಗರಿಯಾ 2013ರಲ್ಲಿ ವಾದಿಸಿದ್ದರು. ಆ ಅಳತೆಗೋಲು ತಯಾರಾದದ್ದು 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆದು, ಆ ಆರರಲ್ಲಿ ಭಾರತವೂ ಒಂದು. ಚೆನ್ನಾಗಿ ಉಂಡು, ಆರೋಗ್ಯವಾಗಿ ಬೆಳೆದ ದಕ್ಷಿಣ ದೆಹಲಿಯ ಮಕ್ಕಳು ನಾರ್ವೆಯ, ಬ್ರೆಜಿಲ್‌ನ, ಘಾನಾದ ಮಕ್ಕಳಿಗೆ ಹೆಚ್ಚುಕಡಿಮೆ ಸಮನಾಗಿಯೇ ಬೆಳೆದರು. ಕುಳ್ಳತನ ರಕ್ತದಲ್ಲಿ ಇದ್ದಿದ್ದರೆ ಅಲ್ಲೂ ಕಾಣಬೇಕಿತ್ತು.

ಶಾಲೆಯ ಊಟ ಕೊಟ್ಟರೆ ಮನೆಯಲ್ಲಿ ಮಗುವಿನ ಪಾಲು ಕಡಿಮೆ ಮಾಡುತ್ತಾರೆ ಎಂಬ ಅನುಮಾನಕ್ಕೂ ಉತ್ತರ ಸಿಕ್ಕಿದೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಫರ್ಜಾನಾ ಅಫ್ರಿದಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಯಲ್ಲಿ ಕೊಟ್ಟ ಪೋಷಕಾಂಶಗಳಲ್ಲಿ ಅರ್ಧದಿಂದ ಹಿಡಿದು ಪೂರ್ತಿಯವರೆಗೆ ಮಗುವಿನ ದಿನದ ಆಹಾರಕ್ಕೆ ಹೆಚ್ಚುವರಿಯಾಗಿಯೇ ಸೇರಿತ್ತು. ಆಂಧ್ರದಲ್ಲಿ ಬರಗಾಲಕ್ಕೆ ಸಿಕ್ಕಿ ಸೊರಗಿದ್ದ ಮಕ್ಕಳು ಬಿಸಿಯೂಟ ಸಿಕ್ಕ ಮೇಲೆ ಚೇತರಿಸಿಕೊಂಡದ್ದೂ ದಾಖಲಾಗಿದೆ. ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರದ್ದು 2021ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ: ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಬಿಸಿಯೂಟ ಉಂಡ ತಾಯಂದಿರ ಮಕ್ಕಳು, ಊಟ ಸಿಗದ ತಾಯಂದಿರ ಮಕ್ಕಳಿಗಿಂತ ವಯಸ್ಸಿಗೆ ತಕ್ಕ ಎತ್ತರದಲ್ಲಿ ಮುಂದಿದ್ದರು. ಇಪ್ಪತ್ತು ವರ್ಷದ ಹಿಂದೆ ಒಬ್ಬ ಹುಡುಗಿಗೆ ಬಡಿಸಿದ ಅನ್ನ ಅವಳ ಮಗುವಿನ ಎತ್ತರದಲ್ಲಿ ಕಾಣಿಸಿಕೊಂಡಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಿಸಿ ಊಟ ಕೊಡಲೇಬೇಕು ಎಂದು ಆದೇಶಿಸಿದಾಗ ಶಾಲೆಗಳನ್ನು ಛತ್ರ ಮಾಡಬೇಡಿ ಎಂದವರು ಬಹಳ ಮಂದಿ ಇದ್ದರು. ಮೊಟ್ಟೆಯ ವಿಷಯದಲ್ಲೂ ಹಾಗೇ ಆಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡದವರಿಗೆ ಬಾಳೆಹಣ್ಣು, ಚಿಕ್ಕಿ ಇತ್ತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳು, ಅದರಲ್ಲೂ ಹುಡುಗಿಯರು, ಚೆನ್ನಾಗಿ ತೂಕ ಹೆಚ್ಚಿಸಿಕೊಂಡಿದ್ದರು. ಆ ಹುಡುಗಿಯರು ಇನ್ನು ಹತ್ತು ವರ್ಷಕ್ಕೆ ತಾಯಂದಿರು. ಬರ ಬಿದ್ದ ವರ್ಷಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರವಿಲ್ಲದ ವರ್ಷದ ಏಪ್ರಿಲ್ ಮೇ ತಿಂಗಳಲ್ಲಿ ಕೂಲಿಯ ಮನೆಯ ಮಗುವಿನ ಹೊಟ್ಟೆಗೆ ರಜೆ ಇರುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಇನ್ನೂ ಕೇಳಿಕೊಂಡಿಲ್ಲ.

ಶಾಲೆ ಮುಟ್ಟುವುದು ಆರು ವರ್ಷದ ಮೇಲೆ. ಅಂಗನವಾಡಿಯ ಬಿಸಿ ಊಟ ಮೂರು ವರ್ಷದ ಮೇಲೆ. ಎತ್ತರ ತಪ್ಪುವುದು ಮಾತ್ರ ಎರಡು ವರ್ಷದೊಳಗೆ. ಅಲ್ಲಿ ನಮ್ಮ ವ್ಯವಸ್ಥೆ ಕೊಡುವುದು ಮನೆಗೆ ಒಯ್ಯುವ ಪೊಟ್ಟಣ, ಅದು ಮನೆಯಲ್ಲಿ ಎಲ್ಲರ ಪಾತ್ರೆಗೆ ಬೀಳುತ್ತದೆ, ಬೀಳದೆ ಇನ್ನೇನು ಮಾಡೀತು. ಅಂಗನವಾಡಿ ಮಗುವಿನ ದಿನದ ಆಹಾರಕ್ಕೆ ಎಂಟು ರೂಪಾಯಿ, ಬಸುರಿ ಬಾಣಂತಿಗೆ ಒಂಬತ್ತೂವರೆ ರೂಪಾಯಿ ಎಂದು ಕೇಂದ್ರ 2017ರಲ್ಲಿ ಗೊತ್ತುಮಾಡಿದ ದರ ಬೇಳೆ ಎಣ್ಣೆಯ ಬೆಲೆ ಎಷ್ಟೇರಿದರೂ ವರ್ಷಗಟ್ಟಲೆ ಕದಲಲಿಲ್ಲ. ರಾಜ್ಯ 2017ರ ಅಕ್ಟೋಬರ್ 2ರಂದು ತಂದ ಮಾತೃಪೂರ್ಣ ಯೋಜನೆಯ ಯೋಚನೆ ಬಹಳ ಸರಿಯಾಗಿತ್ತು: ಬಸುರಿಗೆ ಅಂಗನವಾಡಿಯಲ್ಲೇ, ಅವಳದೇ ತಟ್ಟೆಯಲ್ಲಿ, ಬೇರೆಯವರ ಸರದಿ ಕಾಯದೆ, ಬಿಸಿ ಊಟ. ದೂರದ ಹಟ್ಟಿ, ತಾಂಡಾ, ಒಂಟಿ ಮನೆಗಳ ಹೆಂಗಸರು ಒಂದು ಊಟಕ್ಕಾಗಿ ಬಿಸಿಲಲ್ಲಿ ಅಷ್ಟು ದೂರ ನಡೆದು ಬರಲಾರರು ಎಂಬ ಅಂಶ ಆ ಯೋಚನೆಯಲ್ಲಿ ಇರಲಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ನಾಲ್ಕು ಸಾವಿರ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರ ತೆರೆಯುವ ಯೋಜನೆ ನನಗೆ ಇವೆಲ್ಲಕ್ಕಿಂತ ಭರವಸೆಯದಾಗಿ ಕಾಣುವುದು ಅದಕ್ಕೇ. ಮೂರು ವರ್ಷದೊಳಗಿನ ಮಗು, ತಾಯಿಯ ಕೆಲಸದ ಹೊತ್ತು, ಬಿಸಿ ಊಟ ಮೂರನ್ನೂ ಅದು ಒಂದೇ ಸೂರಿನಡಿ ತರಬಲ್ಲದು. ಗುಳೆ ಹೋಗುವವರ ಸಂಗತಿ ಇನ್ನೂ ಕಷ್ಟ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡಗಳಿಗೆ ಬಂದ ಸಂಸಾರದ ಅಂಗನವಾಡಿ ಒಂದೂರಿನಲ್ಲಿ, ಮಗು ಇನ್ನೊಂದೂರಿನಲ್ಲಿ. ದೇಶದ ಯಾವ ಮೂಲೆಯಲ್ಲಾದರೂ ಅಕ್ಕಿ ಪಡೆಯಬಹುದಾದ ಕಾರ್ಡ್ ಬಂದಿದೆ, ಮಗುವಿನ ಮೊಟ್ಟೆ ಹಾಲು ಅದರ ಹಿಂದೆ ಹೋಗುವ ಕಾರ್ಡ್ ಬಂದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದು, ಹುಟ್ಟಿದ ಮಗುವಿನ ಹೆಸರು ಯಾವ ಕಾರ್ಡಿಗೂ ಏರದೆ ಇರುವ ಮನೆಗಳೂ ಇವೆ. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆಗೆ ಮಿತಿ ಇಂದಿಗೂ 2011ರ ಜನಗಣತಿ.

ಬಿಟ್ಟಿ ಭಾಗ್ಯಗಳಿಂದ ಖಜಾನೆ ಬರಿದಾಗುತ್ತಿದೆ, ಇನ್ನೂ ಎಷ್ಟು ಕೊಡುವುದು ಎಂಬ ಮಾತು ಕೇಳುತ್ತಲೇ ಇರುತ್ತದೆ. ಖಜಾನೆಯ ಮಿತಿ ಸುಳ್ಳಲ್ಲ. ಅದಕ್ಕೆಂದೇ ನಾನು ಇನ್ನೊಂದು ಐದು ಕಿಲೋ ಅಕ್ಕಿ ಕೇಳುತ್ತಿಲ್ಲ. ಕೊಡುತ್ತಿರುವುದನ್ನು ಗೊತ್ತಾದ ದಿನ ಕೊಡುವುದಕ್ಕೆ, ಅಕ್ಕಿಯ ಒಂದು ಪಾಲನ್ನು ಬೇಳೆಗೆ ತಿರುಗಿಸುವುದಕ್ಕೆ, ಸೊಸೆಯ ಹೆಸರನ್ನು ಕಾರ್ಡಿಗೆ ಸೇರಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಖರ್ಚಾಗುವುದು ಕೂಸಿನ ಮನೆಗಳಿಗೆ, ಎರಡು ವರ್ಷದೊಳಗಿನ ಮಕ್ಕಳ ಊಟಕ್ಕೆ. ಆ ಖರ್ಚನ್ನು ಈಗ ಮಾಡದಿದ್ದರೆ ಎತ್ತರ ತಪ್ಪಿದ ಮಗುವಿಗೆ ಆಮೇಲೆ ಎಷ್ಟು ಬಡಿಸಿದರೂ ಪೂರ್ತಿ ತುಂಬಿಕೊಡಲಾಗುವುದಿಲ್ಲ. ಇವೆಲ್ಲಕ್ಕೂ ಮುಂಚೆ ಕಾಸಿನ ಖರ್ಚೂ ಇಲ್ಲದ ಒಂದು ಕೆಲಸವಿದೆ. ಬಸುರಿಯಾದವಳಿಗೆ ಕೊಡುವ ತಾಯಿ ಕಾರ್ಡನ್ನು ತೆರೆದು ನೋಡಿ. ಮೊದಲ ಪುಟಗಳಲ್ಲಿ ಅವಳ ತೂಕ ಬರೆಯಲು ತಿಂಗಳು ತಿಂಗಳಿಗೂ ಜಾಗವಿದೆ. ಹೆರಿಗೆಯಾದ ಮೇಲೆ ತೂಕದ ಗೆರೆಗಳೆಲ್ಲ ಮಗುವಿನವು, ಹುಟ್ಟಿನಿಂದ ಮುಂದಕ್ಕೆ, ಬಣ್ಣ ಬಣ್ಣದ ಪಟ್ಟಿಗಳಲ್ಲಿ. ಮಗುವನ್ನು ತಕ್ಕಡಿಗೆ ಇಟ್ಟು ಪಕ್ಕದಲ್ಲಿ ನಿಂತವಳ ತೂಕ ಬರೆಯಲು ಆ ಪುಟಗಳಲ್ಲಿ ಒಂದು ಸಾಲು ಬೇಕು.